ಖಾಲಿ ಸ್ಟೂಲು

ಆಸ್ಪತ್ರೆಯ ಆ ಸ್ಟೂಲುಗಳನ್ನು ನಮಗೆ ಯಾರೂ ಧರ್ಮಕ್ಕೆ ಕೊಟ್ಟಿರಲಿಲ್ಲ. ರೋಗಿಯ ಎದುರು ಆಯಾ ಕೂರಕೂಡದೆಂಬ ಕಟ್ಟಳೆಯಿದ್ದ ಕಾಲ. ನಾನಿನ್ನೂ ಎಳೆಯ ಹೆಂಗಸು. ಒಂದು ದಿನ ಆಯಾಗಳೆಲ್ಲ ಬೆಡ್‌ಪ್ಯಾನುಗಳನ್ನು ತುಂಬಿದಂತೆಯೇ ಕೆಳಗಿಟ್ಟು ಮೊಗಸಾಲೆಯಲ್ಲಿ ಕುಳಿತುಬಿಟ್ಟೆವು. ವಾರ್ಡು ನಾರಿತು. ಪೊಲೀಸರನ್ನು ಕರೆಸಿದರು, ಪೊಲೀಸರೂ ಮೂಗು ಮುಚ್ಚಿಕೊಂಡು ಹಿಂದಿರುಗಿದರು. ಕಡೆಗೆ ಹಾಸಿಗೆಗೊಂದು ಸ್ಟೂಲು ಬಂತು. ದಿಕ್ಕಿಲ್ಲದೆ ಸಾಯುವವರ ಕೈ ಹಿಡಿದು ಕೂರುವುದು ನಮ್ಮ ಹಕ್ಕಾಯಿತು.

ಈಗಿನ ಮ್ಯಾನೇಜರು ಬಂದವನೇ ಪ್ರತಿ ಹಾಸಿಗೆಯ ಕಾಲ್ದೆಸೆಗೊಂದು ದೀಪ ಹಾಕಿಸಿದ. ಆಯಾ ಬಂದು ಗುಂಡಿಯೊತ್ತಿದರೆ ಹಸಿರು. ಗೊತ್ತುಪಡಿಸಿದ ಹೊತ್ತು ಮೀರಿ ಅಲ್ಲೇ ಉಳಿದರೆ ಕೆಂಪು. ಕೆಂಪು ಹೆಚ್ಚಾದವಳಿಗೆ ಕೆಲಸವಿಲ್ಲ. ಕುಳಿತರೆ ಮೈಗಳ್ಳತನ ಬರುತ್ತದೆಂದು ಸ್ಟೂಲುಗಳನ್ನೆಲ್ಲ ಉಗ್ರಾಣಕ್ಕೆ ತುಂಬಿ, ಕೀಲಿಕೈಯನ್ನು ತನ್ನ ಜೇಬಿಗಿಳಿಸಿದ.

ನನ್ನ ಸೊಸೆಯೂ ಅದೇ ವಾರ್ಡಿನ ಆಯಾ. ಒಂದು ಬೆಳಗ್ಗೆ, ಉಸಿರಿಗಾಗಿ ಒದ್ದಾಡುತ್ತಿದ್ದ ಮುದುಕಿಯೊಬ್ಬಳು ಅವಳ ಕೈ ಬಿಡಲೊಲ್ಲಳು. ಸೊಸೆ ನೆಲಕ್ಕೆ ಮೊಣಕಾಲೂರಿ ಉಳಿದಳು. ದೀಪ ಕೆಂಪಾಯಿತು, ಮ್ಯಾನೇಜರು ಬಂದ.

“ಏಳೇ ಮುಂಡೆ. ಕೆಂಪು ಕಾಣಲ್ವಾ? ಕೈ ಸವರ್ತಾ ಕೂರೋಕೆ ನೀನೇನ್ ಈ ಮುದುಕಿ ಸೊಸೇನಾ?”

ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ಅವನೇ. ಮಧ್ಯಾಹ್ನ ನಾವು ಹೆಣಕ್ಕೆ ಬಟ್ಟೆ ಹೊದಿಸುವಾಗ ಆ ಅಂಗೈ ತೆರೆದೇ ಇತ್ತು. ಅದೇ ವಾರ ನಮ್ಮ ವಾರ್ಡಿನ ಬಾಗಿಲಿಗೆ ‘ಅತ್ಯುತ್ತಮ ಸೇವೆ’ ಎಂಬ ಹಿತ್ತಾಳೆಯ ಫಲಕ ಬಂತು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಆಪರೇಷನ್ನಿನಲ್ಲಿ ಮ್ಯಾನೇಜರನ ಹೊಟ್ಟೆ ಕೊಯ್ದು, ತಂದು ಮಲಗಿಸಿದ್ದು ಮುದುಕಿ ಸತ್ತ ಅದೇ ಹಾಸಿಗೆಗೆ. ನಾವು ಸೇವೆಯಲ್ಲಿ ಕೂದಲೆಳೆಯಷ್ಟೂ ಲೋಪ ಮಾಡಲಿಲ್ಲ. ಒರೆಸಿದೆವು, ಮಗ್ಗುಲು ಬದಲಿಸಿದೆವು. ಕೆಂಪಾದೊಡನೆ, ತುಟಿಗೆ ಹಿಡಿದ ನೀರನ್ನೂ ಅರ್ಧಕ್ಕೆ ಇಳಿಸಿ ಹೊರಟೆವು.

ಒಂದು ಸಂಜೆ ಅವನು ನನ್ನ ಮಣಿಕಟ್ಟು ಹಿಡಿದುಕೊಂಡ.

“ಸ್ವಲ್ಪ ಹೊತ್ತು ಇರಮ್ಮ. ಒಬ್ನೇ ಇದ್ರೆ ಭಯ ಆಗುತ್ತೆ.”

“ಕೆಂಪಾಯ್ತಲ್ಲ ಸಾರ್. ಕೂರೋಣ ಅಂದ್ರೆ ಸ್ಟೂಲೂ ಇಲ್ಲ.”

ದಿಂಬಿನಡಿಯಿಂದ ಕೀಲಿಕೈ ತೆಗೆದುಕೊಟ್ಟು, ಒಂದು ಸ್ಟೂಲು ತಂದುಕೋ ಎಂದ.

ಎಲ್ಲವನ್ನೂ ತಂದೆವು. ಪಾಳಿ ಬದಲಾಗುವ ಹೊತ್ತು, ಎರಡೂ ಪಾಳಿಯವರಿದ್ದೆವು. ಹಾಸಿಗೆಗೊಬ್ಬರಂತೆ ಕುಳಿತು ರೋಗಿಗಳ ಕೈ ಹಿಡಿದುಕೊಂಡೆವು. ಒಂದೊಂದೇ ದೀಪ ಕೆಂಪಾಗುತ್ತ ಬಂತು, ಯಾರೂ ಏಳಲಿಲ್ಲ. ಅವನ ಪಕ್ಕದ ಸ್ಟೂಲು ಮಾತ್ರ ಖಾಲಿಯಿತ್ತು. ಅದರ ಮೇಲೆ ಅವನ ಕೈ ಬಿದ್ದಿತ್ತು, ಅಂಗೈ ಮೇಲಾಗಿ.

ವಾರ್ಡಿನ ಆ ತುದಿಯಿಂದ ಸೊಸೆ ಕರೆದಳು.

“ಅತ್ತೆ, ವಾರ್ಡ್ ನಾರಿಸಿದ ಕಥೆ ಇನ್ನೊಂದ್ಸಲ ಹೇಳಿ. ಜೋರಾಗ್ ಹೇಳಿ, ಸಾಹೇಬ್ರಿಗೂ ಕೇಳ್ಲಿ.”