ಟ್ಯಾಂಕಿನ ಲೆಕ್ಕ

ಸೀದುಹೋದ ಸೇವಂತಿಗೆ ಗಿಡವೊಂದನ್ನು ಬೇರುಸಮೇತ ಕಿತ್ತು ಹಿಡಿದುಕೊಂಡು, ಹಣೆಯ ನಾಮ ಬೆವರಿಗೆ ಕರಗುತ್ತಿದ್ದರೂ ಒರೆಸಿಕೊಳ್ಳದೆ, ದೊಡ್ಡಣ್ಣ ಊರ ಶಾಲೆಯ ಕಡೆಗೆ ದಾಪುಗಾಲು ಹಾಕಿದ. ಎದುರಾದ ಅಂಜಿನಮ್ಮ, "ಎಲ್ಲಿಗಣ್ಣಾ ಇಷ್ಟು ಬಿರುಸಾಗಿ?" ಎಂದಳು.

"ಮೇಷ್ಟ್ರಿಗೆ ಹೂವ ಕೊಡಾಕೆ" ಎಂದವನು ತಿರುಗಿಯೂ ನೋಡಲಿಲ್ಲ.

ಆ ಗಿಡಗಳನ್ನು ನೆಟ್ಟವಳು ಅವನ ಹೆಂಡತಿ ಮಂಗಮ್ಮ. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಇದ್ದಷ್ಟು ಕಾಲ ಗಿಡಕ್ಕೆ ಔಷಧಿ ಅಳೆದು ಬೆರೆಸುವುದು ಅವಳ ಕೆಲಸ, ಟ್ಯಾಂಕು ಬೆನ್ನಿಗೇರಿಸಿ ಹೊಡೆಯುವುದು ಇವನದು. ಅವಳು ಹೋದ ಮೇಲೆ ಆ ಸೇವಂತಿಗೆ ಮಡಿಯ ಒಂದು ಹೂವನ್ನೂ ಅವನು ಮಾರಲಿಲ್ಲ; ಎಲ್ಲವೂ ವೆಂಕಟರಮಣನಿಗೆ. ಅವಳ ಕೈಯ ಕೆಲಸ ಸ್ವಾಮಿಯ ಪಾದ ಸೇರುತ್ತಿರುವ ತನಕ ಅವಳು ಪೂರ್ತಿ ಹೋಗಿಲ್ಲವೆಂಬ ಸಮಾಧಾನ ಅವನಿಗಿತ್ತು.

ಮೊಗ್ಗಿಗೆ ಹುಳು ಬಿದ್ದಾಗ ಹೊಸೂರು ಸೀಮೆಯ ಕೆಲಮಂಗಲ ಪೇಟೆಯಿಂದ ಹೊಸ ಔಷಧಿ ತಂದ. ಲೀಟರಿಗೆ ಎರಡು ಎಂ.ಎಲ್. ಎಂದು ಅಂಗಡಿಯವನು ತಮಿಳಿನಲ್ಲಿ ಒತ್ತಿ ಹೇಳಿದ್ದ. ಟ್ಯಾಂಕು ಹದಿನೈದು ಲೀಟರಿನದು. ಲೆಕ್ಕ ಮಾಡೆಂದು ಮೊಮ್ಮಗಳು ಮುನಿರತ್ನಳನ್ನು ಕೇಳಿದ. ಐದನೇ ತರಗತಿಯ ಹುಡುಗಿ, ಗಣಿತದಲ್ಲಿ ನೂರಕ್ಕೆ ನೂರು.

"ಮುನ್ನೂರು ತಾತ."

"ಅಷ್ಟೊಂದಾ?"

"ಹೂಂ ತಾತ, ಟ್ಯಾಂಕಿನ ಲೆಕ್ಕಕ್ಕೆ ಮುನ್ನೂರೇ. ಪರೀಕ್ಷೇಲೂ ಅದೇ ಬರ್ದಿದ್ದು."

ನೂರು ಅಂಕವನ್ನು ನಂಬಿ ಹೊಡೆದ. ಎರಡು ದಿನದಲ್ಲಿ ಮಡಿಯೆಲ್ಲ ಸುಟ್ಟು ಕೆಂಪಾಯಿತು. ಹೊಸೂರಿನ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದ ಮಗ ಮುರಳಿಕೃಷ್ಣ ಬಾಟಲಿ ನೋಡಿ ತಲೆ ಚಚ್ಚಿಕೊಂಡ. "ಮೂವತ್ತು ಹಾಕ್ಬೇಕಾಗಿತ್ತು ಕಣಪ್ಪಾ!" ಹುಡುಗಿಯನ್ನು ಕೇಳಿದರೆ, ಮೇಷ್ಟ್ರು ಬೋರ್ಡಿನ ಮೇಲೆ ಮಾಡಿ ತೋರಿಸಿದ ಬೇರೊಂದು ಟ್ಯಾಂಕಿನ ಲೆಕ್ಕಕ್ಕೆ ಉತ್ತರ ಮುನ್ನೂರಂತೆ. ಅದನ್ನೇ ಬಾಯಿಪಾಠ ಮಾಡಿದ್ದಳು. ಪರೀಕ್ಷೆಗೂ ಅದೇ ಲೆಕ್ಕ ಬಂದಿತ್ತು.

ದೊಡ್ಡಣ್ಣ ತರಗತಿಯೊಳಗೆ ನುಗ್ಗಿ ಗಿಡವನ್ನು ಮೇಷ್ಟ್ರ ಮೇಜಿನ ಮೇಲೆ ಎಸೆದ. ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಬೆಂಚಿನಲ್ಲಿ ಕೂತಿದ್ದ ಮೊಮ್ಮಗಳತ್ತ ಕೈ ತೋರಿಸಿದ. "ಇವ್ಳಿಗೆ ನೂರು ಕೊಟ್ಟೋರು ನೀವೇ ಅಲ್ವಾ? ಜೂನ್‌ಗೆ ಕೆಲಮಂಗಲದ ದೊಡ್ಡ ಸ್ಕೂಲಿಗೆ ಹೋಯ್ತಾಳೆ. ಅಲ್ಲಿ ಯಾರು ಮೊದಲಿಂದ ಕಲಿಸ್ತಾರೆ? ಏನೂ ಬರ್ದೇ ಇರೋ ಮಗೀನ ಎಲ್ಲಾ ಬತ್ತದೆ ಅಂತ ಅಟ್ತಾ ಇದೀರಲ್ಲ!"

"ಕೂತ್ಕಳಿ ದೊಡ್ಡಣ್ಣೋರೆ" ಎಂದರು ಕುಮಾರೇಶ್ ಮೇಷ್ಟ್ರು. "ಗಾಬರಿಲಿ ತಪ್ಪು ಹೇಳೈತೆ ಮಗು. ಬೇಕಾದ್ರೆ ನೀವೇ ಕೇಳಿ." ಅವರು ಕೈಯಾಡಿಸಿದ್ದೇ ತಡ, ಮಕ್ಕಳೆಲ್ಲ ಹದಿನೈದರ ಮಗ್ಗಿಯನ್ನು ಹೆಂಚು ಹಾರುವಂತೆ ಕೂಗಿದರು. "ಅರ್ಥ ಆಗೈತಾ?" "ಆಗೈತೆ ಸಾರ್!" ಎಲ್ಲರಿಗಿಂತ ಜೋರು ಮುನಿರತ್ನಳ ದನಿ.

"ಸಾಕು ನಿಲ್ಸಿ!" ದೊಡ್ಡಣ್ಣ ಗದರಿದ. "ನಾನು ಭಜನೇಲಿ ಕೂತು ಮುದುಕ ಆದೋನು. ಗುಂಪಲ್ಲಿ ಬರೀ ಬಾಯಾಡಿಸ್ಕಂಡೇ ಕಾಲ ತಳ್ಳಿದೋರ್ನ ಕಂಡಿವ್ನಿ. ತಾಳ ನಿಲ್ಸಿ, ಒಬ್ನೇ ಹಾಡ್ಲಾ ಅನ್ನಿ, ಗೊತ್ತಾಯ್ತದೆ. ದೇವ್ರೇನೋ ಹೋಗ್ಲಿ ಬಿಡು ಅಂತಾನೆ. ಹೊಲ ಅನ್ನಲ್ಲ!"

"ಐದು ಕ್ಲಾಸಿಗೆ ಇಬ್ರೇ ಮೇಷ್ಟ್ರು ಇದೀವಿ. ಒಬ್ಬೊಬ್ರನ್ನೇ ಕೇಳ್ತಾ ಕೂತ್ರೆ ಪಾಠ ಮುಗಿಯೋದ್ಯಾವಾಗ?"

"ನಿಮ್ಗೆ ಮುಗೀತು. ಇವ್ಳಿಗೆ ಶುರೂನೇ ಆಗಿಲ್ವಲ್ಲ ಸ್ವಾಮಿ!"

ಮೇಷ್ಟ್ರಿಗೂ ರೇಗಿತು. ಸರಕ್ಕನೆ ತಿರುಗಿ ಬೋರ್ಡಿನ ಮೇಲೆ ಬರೆದರು: ಒಂದು ಬುಟ್ಟಿಯಲ್ಲಿ ಹನ್ನೆರಡು ಎಲೆಕೋಸು, ಎಂಟು ಬುಟ್ಟಿಯಲ್ಲಿ ಎಷ್ಟು? "ಮಾತಾಡ್ದೆ ನಿಮ್ನಿಮ್ಮಷ್ಟಕ್ಕೆ ಮಾಡಿ."

ಒಂದು ಪೆನ್ಸಿಲೂ ಅಲುಗಲಿಲ್ಲ. ಕೊನೆಗೆ ಹಿಂದಿನಿಂದ ಒಂದು ದನಿ ಬಂತು: "ಸಾರ್, ಇದು ಕೂಡೋದಾ, ಗುಣಿಸೋದಾ?"

ಪ್ರತಿ ಸಲವೂ ಮೇಷ್ಟ್ರು ಬೋರ್ಡಿನ ತಲೆಯ ಮೇಲೆ 'ಗುಣಾಕಾರ' ಎಂದೋ 'ಸಂಕಲನ' ಎಂದೋ ಬರೆಯುತ್ತಿದ್ದರು. ಇಂದು ಸಿಟ್ಟಿನಲ್ಲಿ ಬರೆದಿರಲಿಲ್ಲ. ಮಕ್ಕಳೆಲ್ಲ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಮೇಷ್ಟ್ರ ಮುಖ ಬಿಳಿಚಿತು.

"ಗೊತ್ತಿಲ್ದೋರು ಕೈ ಎತ್ತಿ" ಎಂದರು ಮೆಲ್ಲಗೆ. ಗೊತ್ತಿಲ್ಲ ಎಂದವರು ಬೆಂಚಿನ ಮೇಲೆ ನಿಲ್ಲಬೇಕೆಂಬುದು ಆ ತರಗತಿಯ ಪದ್ಧತಿ. ಯಾರೂ ಎತ್ತಲಿಲ್ಲ.

"ಎತ್ತೇ ರತ್ನಿ" ಎಂದ ದೊಡ್ಡಣ್ಣ ಗಡುಸಾಗಿ. "ಗಿಡ ಸುಟ್ಟೋಯ್ತು. ಇನ್ನೇನೈತೆ ಸುಡಾಕೆ?"

ಅವಳು ಕೈ ಎತ್ತಿದಳು. ಆಮೇಲೆ ಪಕ್ಕದವಳು. ಆಮೇಲೆ ಎಲ್ಲರೂ.

ಕುಮಾರೇಶ್ ಯಾರನ್ನೂ ಬೆಂಚು ಹತ್ತಿಸಲಿಲ್ಲ. ನೆಲಕ್ಕೆ ಕೂತು ಸೀಮೆಸುಣ್ಣದಿಂದ ಹದಿನೈದು ಸುತ್ತು ಬರೆದು, ಎಣಿಕೆಯ ಡಬ್ಬಿಯಿಂದ ಒಂದು ಬೊಗಸೆ ಹುಣಿಸೆ ಬೀಜ ತೆಗೆದು ಮುನಿರತ್ನಳ ಕೈಗೆ ಕೊಟ್ಟರು. "ಒಂದು ಸುತ್ತು ಒಂದು ಲೀಟರ್. ಔಷಧಿ ಹಾಕವ್ವ."

ಅವಳು ಒಂದೊಂದು ಸುತ್ತಿಗೂ ಎರಡೆರಡು ಬೀಜ ಇಡುತ್ತ ಹೋದಳು. ಅರ್ಧದಲ್ಲಿ ಕೈ ನಿಂತಿತು. "ಸಾರ್, ಇದು ಮಗ್ಗಿನೇ! ಹದಿನೈದೆರಡ್ಲ ಮೂವತ್ತು!" ಎಂದು ಯಾರೂ ಕೇಳದೆಯೇ ಕೂಗಿದಳು. ಹಿಂದೆಯೇ ಅವಳ ಮುಖ ಬಾಡಿತು. "ತಾತ, ನಾನು ಮುನ್ನೂರು ಹಾಕ್ಸಿಬುಟ್ನಲ್ಲ... ಅಜ್ಜಿ ಗಿಡಕ್ಕೆ!" ಬೀಜಗಳ ನಡುವೆಯೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತಳು.

ದೊಡ್ಡಣ್ಣ ಅವಳನ್ನು ಎತ್ತಿ ಮಗ್ಗುಲಿಗೆ ಒತ್ತಿಕೊಂಡ. ಅವನ ಕಣ್ಣೂ ತುಂಬಿತು. ಆದರೆ ಸಿಟ್ಟು ಇಳಿಯಲಿಲ್ಲ.

"ಇವ್ಳು ಈಗ ಕಲಿತ್ಳು ಮೇಷ್ಟ್ರೇ" ಎಂದ. "ಇನ್ನು ಇವ್ರು?"

ಹೇಳಿ, ಹೊಸ್ತಿಲ ಮೇಲೆ ಗಟ್ಟಿಯಾಗಿ ಕುಳಿತುಬಿಟ್ಟ. ಮೇಷ್ಟ್ರು ಬೀಜಗಳನ್ನು ಒಟ್ಟುಮಾಡಿಕೊಂಡು ಹಿಂದಿನ ಸಾಲಿನ ಹುಡುಗನನ್ನು ಹೆಸರು ಹಿಡಿದು ಕರೆದರು.