ತಿಮ್ಮಿಯ ಬಾಯಿ, ಮಾಸ್ತರರ ಸಹಿ

"ಹುಳ ಅನ್ನದಲ್ಲಲ್ಲ, ನಿನ್ನ ತಲೇಲಿ ಅದೆ, ರಂಡೆ! ನಿಮ್ಮ ಕೇರಿ ಮಕ್ಕಳು ಮನೇಲಿ ಎಂತ ಬಾಸುಮತಿ ಉಣ್ತಾವೇನೇ? ಬಾಯಿಗೆ ಹಾಕು, ರುಚಿ ಹೇಳು."

ಹೆಡ್ ಮಾಸ್ತರ್ ಮಹಾಬಲ ಅಡುಗೆಕೋಣೆಯ ಹೊಸಿಲಿನ ಹೊರಗೆ ನಿಂತೇ ಕೂಗುತ್ತಿದ್ದರು. ಒಳಗೆ ಕಾಲಿಟ್ಟವರಲ್ಲ, ಬಿಸಿಯೂಟ ಬೇಯಿಸುವ ತಿಮ್ಮಿಯ ಕೈಯ ನೀರನ್ನೂ ಮುಟ್ಟಿದವರಲ್ಲ.

ಮಕ್ಕಳಿಗೆ ಬಡಿಸುವ ಮೊದಲು ಮಾಸ್ತರರೇ ಉಂಡು ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬುದು ಸರಕಾರದ ಕಾನೂನು. ಈ ಶಾಲೆಯಲ್ಲಿ ನಾಲ್ಕು ವರ್ಷದಿಂದ ತಿಮ್ಮಿ ಒಂದು ತುತ್ತು ನುಂಗುವುದು, ಅವರು 'ಉಂಡು ನೋಡಿದೆ, ರುಚಿಯಾಗಿದೆ' ಎಂದು ಬರೆದು ತಮ್ಮ ಸಹಿ ಜಡಿಯುವುದು. ಮಡಿಗೆ ಮಡಿ, ಕಾನೂನಿಗೆ ಕಾನೂನು. ಎಂಥ ಬುದ್ಧಿ!

ಕಳೆದ ವಾರ ಇದೇ ಚೀಲದ ಅಕ್ಕಿಯ ಅನ್ನ ಉಂಡು ಏಳು ಮಕ್ಕಳು ವಾಂತಿ ಮಾಡಿಕೊಂಡವು. ತಿಮ್ಮಿಯ ಮೊಮ್ಮಗಳು ಚಂದನಾ ಎರಡು ದಿನ ಹೊನ್ನಾವರದ ಆಸ್ಪತ್ರೆಯಲ್ಲಿ ಮಲಗಿದಳು. ಆ ದಿನದ ಪುಟದಲ್ಲೂ 'ರುಚಿಯಾಗಿದೆ' ಎಂದೇ ಇತ್ತು. ವಾಸನೆ ತಿಳಿದೂ ನುಂಗಿದವಳು ತಿಮ್ಮಿಯೇ. ಕೆಲಸ ಹೋದೀತೆಂದು ಸುಮ್ಮನಿದ್ದಳು. ನೆನೆದರೆ ಮಾಸ್ತರರಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತಿತ್ತು.

ತಟ್ಟೆಗೆ ಅನ್ನ ಹಾಕಿ ಸಾರು ಹೊಯ್ದಳು. ಬೆಂದ ಬಿಳಿ ಹುಳಗಳು ಮೇಲೆ ತೇಲಿದವು. ಹೊಸಿಲು ದಾಟಿ, ಸೀದಾ ಆಫೀಸಿಗೆ ನಡೆದು, ಮಾಸ್ತರರ ಮೇಜಿನ ಮೇಲೆ ಕುಕ್ಕಿದಳು.

"ಇವತ್ತು ನೀವೇ ಉಣ್ಣಿ, ಮಾಸ್ತರ್ರೆ."

ಹಿಂದೆಯೇ ಓಡಿಬಂದ ಮಾಸ್ತರರ ಮೋರೆ ಕೆಂಪಾಯಿತು. "ಎಷ್ಟು ಸೊಕ್ಕೇ ನಿಂಗೆ! ನಾಳೆಯಿಂದ ಬರಬೇಡ. ನಿನ್ನಂಥೋರು ನೂರು ಜನ ಸಿಗ್ತಾರೆ."

"ಆತು, ಬರೂದಿಲ್ಲ. ನಂಗೆ ಹೇಲು ತಿನ್ಸಿ ನೀವು ಸಹಿ ಹಾಕಿದ್ದು ಸಾಕು. ಮಕ್ಳ ಹೊಟ್ಟೆ ಎಂತ ನಿಮ್ಮನೆ ಬಚ್ಚಲ ಗುಂಡಿಯಾ?"

ಊಟದ ಗಂಟೆ ಹೊಡೆಯಿತು. ತಟ್ಟೆ ಹಿಡಿದ ಮಕ್ಕಳು ಬಾಗಿಲಲ್ಲಿ ಮುತ್ತಿದರು. ಮಾಸ್ತರರು ಅನ್ನವನ್ನು ಬೆರಳ ತುದಿಯಿಂದ ದೂರ ತಳ್ಳಿ, ಪುಸ್ತಕ ತೆರೆದು, ಎಂದಿನಂತೆ 'ಉಂಡು ನೋಡಿದೆ' ಎಂದು ಶುರು ಮಾಡಿದರು. ತಿಮ್ಮಿ ಪೆನ್ನು ಕಿತ್ತುಕೊಂಡಳು. ಇದೇ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು. ಅವರು ಬರೆದದ್ದನ್ನು ಹೊಡೆದುಹಾಕಿ, ದಪ್ಪಕ್ಷರದಲ್ಲಿ ಬರೆದಳು: 'ಅನ್ನದಲ್ಲಿ ಹುಳ. ಮಾಸ್ತರರು ಉಣ್ಣಲಿಲ್ಲ. ಮಕ್ಕಳಿಗೆ ಬಡಿಸಲಿಲ್ಲ.' ಕೆಳಗೆ ತನ್ನ ಹೆಸರು.

ಮಾಸ್ತರರು ಹಾಳೆ ಹರಿಯಲು ಕೈ ಚಾಚಿದರು. ತಿಮ್ಮಿ ಅದರ ಮೇಲೆ ಅಂಗೈ ಊರಿ ನಿಂತಳು.

"ಹರೀರಿ ನೋಡ್ವ," ಎಂದಳು. "ಮಕ್ಳೂ ನೋಡ್ಲಿ."