ಕರಡಿಯ ಆಕಳಿಕೆ

ಬಿಸಿಯೇರಿದ ಧೂಳು, ಮಾಸಿದ ಮಖಮಲ್ಲಿನ ಪರದೆ, ಆಗತಾನೆ ಒರೆಸಿದ ನೆಲದ ತೇವ. ಚಿತ್ರಮಂದಿರದ ಬಾಗಿಲು ದೂಡುತ್ತಿದ್ದಂತೆ ಆ ಹಳೆಯ ವಾಸನೆ ಅಜ್ಜಿಯ ಮೂಗಿಗೆ ಬಡಿಯಿತು. ಅಪ್ಪನ ಬೆರಳು ಹಿಡಿದು ಮೊದಲ ಸಲ ಸಿನಿಮಾಕ್ಕೆ ಬಂದಾಗಲೂ ಇದೇ ವಾಸನೆ. ಅಂದು ಕತ್ತಲೆಗೆ ಹೆದರಿ ಅಪ್ಪನ ಅಂಗಿಯಲ್ಲಿ ಮುಖ ಹುದುಗಿಸಿದ್ದಳು. ಇಂದೂ ಹೆದರಿಕೆಯೇ, ಆದರೆ ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡು ನಡೆಯುತ್ತಿದ್ದ ತಾತನಿಗಾಗಿ.

ಮನೆಮಂದಿಯೆಲ್ಲ ಕೂತು ನೋಡುವ ಮಾಯಾಲೋಕದ ಚಿತ್ರವದು. ಮೊದಲ ಭಾಗದಲ್ಲಿ ಕಾಡು ಕಾಯುವ ಮುದಿ ಕರಡಿಗೆ ದನಿ ಕೊಟ್ಟವರು ತಾತ. ಬೀದಿಯ ಮಕ್ಕಳೆಲ್ಲ ಅವರನ್ನು ಕರಡಿ ತಾತ ಎಂದೇ ಕೂಗುತ್ತಿದ್ದರು. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಎರಡನೆಯ ಭಾಗಕ್ಕೆ ಹೊಸಬನೊಬ್ಬ ಬಂದ. ಸ್ಟುಡಿಯೊದವರು ಮರೆಯದೆ ತಾತ, ಅಜ್ಜಿ, ಮಗಳು, ಮೊಮ್ಮಗಳು ನಾಲ್ವರಿಗೂ ಟಿಕೆಟ್ ಕಳಿಸಿದ್ದರು.

"ಬೇಡ ಅಂದ್ರೆ ಕೇಳ್ತೀರಾ? ಇನ್ನೊಬ್ರ ಬಾಯಲ್ಲಿ ನಿಮ್ಮ ಕರಡೀನ ಕೇಳೋದು ಯಾವ ಸುಖ ಹೇಳಿ," ಅಂದಳು ಅಜ್ಜಿ.

ತಾತ ಹುಬ್ಬು ಹಾರಿಸಿ, ಟಿಕೆಟ್ಟಿನಿಂದ ಅವಳಿಗೆ ಗಾಳಿ ಬೀಸಿದರು. ಮಾತು ಹೋದಮೇಲೆ ಅವರ ತುಂಟತನವೆಲ್ಲ ಹುಬ್ಬಿಗೆ ಬಂದು ಸೇರಿತ್ತು.

ಚಿತ್ರ ಸಪ್ಪೆ. ಹಾರುವ ಕೋಟೆ ಬಂತು, ಬೆಂಕಿಯ ನದಿ ಬಂತು, ಹೋದ ಭಾಗದಲ್ಲಿ ಸತ್ತಿದ್ದ ಮಾಟಗಾತಿ ನಾಚಿಕೆಯಿಲ್ಲದೆ ಎದ್ದು ಬಂದಳು. ಕಥೆ ಮಾತ್ರ ಬರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆಯತೊಡಗಿದರು. ಕರಡಿ ಬಾಯಿ ತೆರೆದದ್ದೇ ತಡ, ಮೊಮ್ಮಗಳು ಚೂಟಿ ಕುರ್ಚಿಯ ಮೇಲೆ ಎದ್ದು ನಿಂತಳು.

"ಇದು ನಮ್ ಕರಡಿ ಅಲ್ಲ! ಕಳ್ಳ ಕರಡಿ!"

"ಶ್, ಕೂತ್ಕೊಳೇ," ಎಂದು ಅವಳ ಅಮ್ಮ ಲಂಗ ಹಿಡಿದೆಳೆದಳು.

ಸುತ್ತಲೂ ನಗು. ಅಜ್ಜಿ ತಾತನ ಮುಖ ನೋಡಲಾರದೆ ಅವರ ಮುಂಗೈ ಮುಟ್ಟಿದಳು. ಅದು ಬಿಗಿದುಕೊಂಡಿತ್ತು.

ಚಿತ್ರ ಮುಗಿಯುವ ಹೊತ್ತಿಗೆ ಕರಡಿ ತಾನು ಸಾಕಿದ ಹುಡುಗಿಯನ್ನು ಬೀಳ್ಕೊಡಬೇಕು. ಅದು ಬೆನ್ನು ತಿರುಗಿಸಿ ನಿಂತಿತ್ತು. ಮಾತಿಗೆ ಮೊದಲು ಒಂದು ಆಕಳಿಕೆ ಕೇಳಿಸಿತು. ಉದ್ದನೆಯದು, ಕೊನೆಯಲ್ಲಿ ಸಣ್ಣ ಕೀರಲು. ಅಜ್ಜಿ ನೆಟ್ಟಗೆ ಕೂತಳು. ಅದು ಇವರ ಆಕಳಿಕೆ! ಮೊದಲ ಭಾಗದ ಡಬ್ಬಿಂಗಿನಲ್ಲಿ ಇವರು ದಣಿದಿದ್ದಾಗ ಮೈಕಿನ ಮುಂದೆ ತಾನಾಗಿ ಬಂದದ್ದನ್ನು ನಿರ್ದೇಶಕ ನಕ್ಕು ಹಾಗೇ ಉಳಿಸಿಕೊಂಡಿದ್ದ. ಅಳು ಬಂದರೆ ಆಕಳಿಸಿ ಮರೆಸುವ ಕರಡಿಯೆಂದರೆ ಮಕ್ಕಳಿಗೆ ಪ್ರಾಣ.

ಗೊರಕೆ ನಿಂತಿತ್ತು. ಚೂಟಿ ಮುಂದಿನ ಕುರ್ಚಿಗೆ ಗಲ್ಲ ಊರಿದಳು. ಅಜ್ಜಿಯ ಕೈಯಡಿಯ ಮುಂಗೈ ಮೆಲ್ಲಗೆ ಸಡಿಲವಾಯಿತು.

ಹೊರಗೆ ಜನ ಗೊಣಗುತ್ತಾ ಇಳಿಯುತ್ತಿದ್ದರು. "ಮೂರನೇದು ಮಾಡಿದ್ರೆ ನಾನಂತೂ ಬರಲ್ಲಪ್ಪ," ಅಂದಳು ಮಗಳು. "ಕರಡಿ ದನೀನೂ ಕೆಡಿಸಿಟ್ಟಿದ್ದಾರೆ," ಎಂದು ಯಾರೋ ದನಿಗೂಡಿಸಿದರು. ಪೋಸ್ಟರಿನ ಪಕ್ಕ ಟೋಪಿ ಕೆಳಗೆಳೆದುಕೊಂಡು ನಿಂತಿದ್ದ ಯುವಕನೊಬ್ಬ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ತಾತನನ್ನು ಕಂಡು ಹತ್ತಿರ ಬಂದ.

"ಸರ್, ನಾನು..."

"ಅಜ್ಜೀ, ಕಳ್ಳ ಕರಡಿ!" ಚೂಟಿ ದನಿ ಕೇಳಿಯೇ ಹಿಡಿದುಬಿಟ್ಟಳು.

"ಹೌದು ಪುಟ್ಟಾ, ನಾನೇ." ನಗಲು ನೋಡಿದ, ಕಣ್ಣು ಮಾತ್ರ ತಾತನ ಮೇಲೆ. "ನಿಮ್ಮ ಥರಾನೇ ಆಕಳಿಸು ಅಂತ ಯಾರೂ ಹೇಳಿರ್ಲಿಲ್ಲ ಸರ್. ಅದಿಲ್ದೆ ನಂಗೆ ಮಾತೇ ಹೊರಡ್ಲಿಲ್ಲ. ನಿಮ್ಮನ್ನ ಕೇಳ್ದೆ ತಗೊಂಡೆ. ತಪ್ಪಾಯ್ತಾ?"

ತಾತ ಅವನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಬಾಯಿ ಅಗಲಿಸಿ, ಕಣ್ಣು ಮುಚ್ಚಿ, ಭುಜ ಎತ್ತಿ ಆಕಳಿಸಿದರು. ಸದ್ದಿಲ್ಲ, ಬರೀ ಗಾಳಿ. ಆಕಳಿಕೆಯಲ್ಲವೇ, ಅಂಟಿಕೊಂಡಿತು, ಯುವಕನ ಬಾಯೂ ತೆರೆಯಿತು. ಕೊನೆಯ ಕೀರಲು ಅವನಿಂದ ಬಂತು.

ಚೂಟಿ ಆಕಳಿಸಿದಳು. ಮಗಳೂ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಊಟ ಆಯ್ತೇನಪ್ಪಾ?" ಕೇಳಿದಳು ಅಜ್ಜಿ.

"ಇಲ್ಲಮ್ಮ. ಸರ್ ಬರ್ತಾರೆ ಅಂತ ಗೊತ್ತಾದಾಗಿಂದ ಗಂಟಲಲ್ಲಿ ಏನೂ ಇಳೀತಿಲ್ಲ."

ತಾತ ಅಜ್ಜಿಯ ಚೀಲಕ್ಕೆ ಕೈ ಹಾಕಿದರು. ತಮಗೆಂದೇ ಮೆತ್ತಗೆ ಬೇಯಿಸಿ ತುಂಬಿದ್ದ, ಮೊಮ್ಮಗಳಿಗೂ ಮುಟ್ಟಲು ಬಿಡದ ಊಟದ ಡಬ್ಬಿಯನ್ನು ಹೊರತೆಗೆದರು. ಮಫ್ಲರಿನ ತುದಿಯಿಂದ ಚಮಚ ಒರೆಸಿ ಮುಚ್ಚಳದ ಮೇಲಿಟ್ಟು, ಯುವಕನ ಎರಡೂ ಕೈಗೆ ಡಬ್ಬಿ ಕೊಟ್ಟು, ಅವನ ಬೆರಳುಗಳನ್ನು ಅದರ ಸುತ್ತ ಮಡಚಿದರು.